ಹಳೇ ಹರಿಗೋಲಿಗೆ ಹೊಸ ತಳ

ಮೂರು ವರ್ಷ ಗೋಡೆಗೆ ಒರಗಿಸಿಟ್ಟಿದ್ದ ಹರಿಗೋಲನ್ನು ನಾವು ಆರು ಜನ ಅಂಗಳಕ್ಕೆ ಎಳೆದಾಗ ಬುಡದಿಂದ ಹಿಟ್ಟಿನಂಥ ಪುಡಿ ಉದುರಿತು. ಕುಟ್ಟೆ ಹಿಡಿದಿತ್ತು. ತುಂಗಭದ್ರೆಯಲ್ಲಿ ಆನೆಗೊಂದಿಯಿಂದ ತಳವಾರಘಟ್ಟದ ದಡಕ್ಕೆ ಜನರನ್ನೂ ಸೈಕಲ್ಲುಗಳನ್ನೂ ದಾಟಿಸಿದ ಹರಿಗೋಲು ಅದು. ಹುಣ್ಣಿಮೆಗೆ ಹಂಪಿಗೆ ಹೋಗುವಾಗ ಅವ್ವ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದದ್ದೂ ಇದರಲ್ಲೇ. ಒಲೆಗೆ ಹಾಕಲು ನಮಗೆ ಮನಸ್ಸಾಗಲಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ದೋಣಿಗಳ ಬಗ್ಗೆ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು. ಈಗ ಚರ್ಮದ ಜಾಗಕ್ಕೆ ಗೋಣಿ, ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುತ್ತುವುದು ಮಾತ್ರ ತಪ್ಪಿಲ್ಲ. ಹುಟ್ಟನ್ನು ಮುಂದಿನಿಂದ ತನ್ನತ್ತ ಎಳೆದುಕೊಳ್ಳುವ ಕೈ ಪಳಗುವ ತನಕ ಹರಿಗೋಲು ಇದ್ದಲ್ಲೇ ಗಿರಗಿರ ಅನ್ನುತ್ತದೆ.

ಮೊದಲ ಸಲ ನಾವು ಮಾಡಿದ್ದು ತಪ್ಪು. ಮೂರು ಭಾನುವಾರ ಕೂತು ಹುಳ ತಿಂದ ಬಿದಿರಿನ ದಬ್ಬೆಗಳನ್ನಷ್ಟೇ ಕಿತ್ತು ಹೊಸವನ್ನು ತೂರಿಸಿದೆವು. ಸೋರಬಾರದೆಂದು ಮೇಲೆ ಡಾಂಬರನ್ನು ಬೆರಳು ದಪ್ಪ ಬಳಿದೆವು. ನೋಡಲು ಗಟ್ಟಿಮುಟ್ಟಾಗಿತ್ತು. ನೀರಿಗಿಳಿಸಿ ಹತ್ತು ಮಾರು ಹೋಗಿಲ್ಲ, ತಳ ಬಂಡೆಗೆ ತಾಗಿ ಲೇಪ ಸೀಳಿ, ಮೊಣಕಾಲು ಮಟ್ಟ ನೀರು ತುಂಬಿತು. ದಡದ ಹತ್ತಿರವೇ ಇದ್ದದ್ದರಿಂದ ಎಲ್ಲರೂ ಕ್ಷೇಮವಾಗಿ ಬಂದೆವು. ಎರಡು ದಿನ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ನಮ್ಮೂರಿನ ಹಿರಿಯ ಅಂಬಿಗರ ಮನೆಗೆ ಹೋದೆವು. ಅವರು ತಳ ಒತ್ತಿ ನೋಡಿ, "ತಮ್ಮಾ, ಇದು ನಮ್ಮ ಹೊಳಿ. ತುಂಬ ಬಂಡೆಗಲ್ಲು ಅದಾವು. ಬುಟ್ಟಿ ಬಾಗಬೇಕಪಾ, ಬಿಗಿ ಮಾಡಿದ್ರ ಒಡಿತೈತಿ" ಅಂದರು. ನಮಗೆ ಯಾರೂ ಹೇಳದೇ ಇದ್ದದ್ದು ಇದೊಂದೇ ಮಾತು.

ತಳವನ್ನು ಪೂರ್ತಿ ಬಿಚ್ಚಿದೆವು. ಬಲಿತ ಹಸಿ ಬಿದಿರು ತಂದು ಸೀಳಿ, ವಾರಗಟ್ಟಲೆ ನೀರಲ್ಲಿ ನೆನೆಹಾಕಿದೆವು. ನೆನೆದರೆ ಬಿದಿರಿನ ಪಿಷ್ಟ ಬಿಡುತ್ತದೆ, ಹುಳಕ್ಕೆ ಬೇಕಾದ ತಿನಿಸೇ ಅದು. ಒಳಗಿನ ಮೆತ್ತನೆ ಭಾಗ ಹೆರೆದು, ಸಿಪ್ಪೆಯ ಕಡೆಯನ್ನಷ್ಟೇ ಉಳಿಸಿಕೊಂಡೆವು. ನೆಲದ ಮೇಲೆ ತಳ ಹೆಣೆದು, ನಡುವೆ ಕಲ್ಲು ಹೇರಿ, ದಬ್ಬೆಗಳ ತುದಿಯನ್ನು ಮೇಲಕ್ಕೆ ಬಾಗಿಸಿ ಹಳೆಯ ಬಾಯಂಚಿಗೆ ಕಟ್ಟಿದೆವು. ಆ ಅಂಚು ಇನ್ನೂ ಗಟ್ಟಿಯಿತ್ತು, ಅದನ್ನು ಮುಟ್ಟಲಿಲ್ಲ. ಡಾಂಬರನ್ನು ಗೋಣಿ ಕುಡಿಯುವಷ್ಟು ಮಾತ್ರ, ತೆಳ್ಳಗೆ, ಎರಡು ಸಲ ಬಳಿದೆವು. ಡಾಂಬರಿನ ಬಿಸಿ ಹೆಚ್ಚಾದರೆ ಪ್ಲಾಸ್ಟಿಕ್ ಸುಟ್ಟುಹೋಗುತ್ತದೆ, ಹಾಗಾಗಿ ಆ ಬಿಸಿಯನ್ನು ನೋಡಿಕೊಳ್ಳುವ ಕೆಲಸ ಒಬ್ಬರದೇ.

ಈ ಸಲ ಬಂಡೆ ತಾಗಿದಾಗ ತಳ ಒಳಗೆ ಬಾಗಿ, ಮತ್ತೆ ಚಾಚಿಕೊಂಡಿತು. ಕಾಲಡಿ ಆ ಅಲುಗಾಟ ಗೊತ್ತಾದಾಗ ನನ್ನ ಕಣ್ಣು ತುಂಬಿತು.

ಕಾಯ್ದುಕೊಳ್ಳುವುದೇ ಈಗಿನ ದುಡಿಮೆ. ಬೇಸಿಗೆಯ ಬಿಸಿಲಿಗೆ ಡಾಂಬರು ಇಳಿಯುತ್ತದೆ, ಅದಕ್ಕೆ ಹೊಂಗೆಯ ನೆರಳಲ್ಲಿ ಬೋರಲು ಹಾಕುತ್ತೇವೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ದಡ ಬಿಡುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗೊಮ್ಮೆ ಆದರೂ ಹೊಳೆಗೆ ಇಳಿಸುತ್ತೇವೆ, ಒಣಗಿದ ಬಿದಿರು ಸೀಳುತ್ತದೆ. ಹೋದ ತಿಂಗಳು ಬಾಯಂಚಿನ ಎರಡು ಕಟ್ಟು ಸಡಿಲಾಗಿದ್ದವು. ಅದಕ್ಕೆ ಬೇಕಾದ ದಬ್ಬೆ ಈಗ ನೀರಲ್ಲಿ ನೆನೆಯುತ್ತಿದೆ.