ಬೀದಿನಾಯಿ ಮೇಲೆರಗಲು ಬಂದಾಗ

ಮುಂಜಾನೆ ನಡೆಯಲು ಹೊರಡುವವರು ಮಳೆಯಿರಲಿ ಬಿಡಲಿ, ಕೈಯಲ್ಲಿ ಉದ್ದ ಹಿಡಿಯ ಕೊಡೆಯೊಂದನ್ನು ಹಿಡಿದಿರಬೇಕೆಂದು ನಾನು ಮನೆಮಂದಿಗೆಲ್ಲ ಹೇಳುತ್ತ ಬಂದಿದ್ದೇನೆ. ಕೋಲಿಗಿಂತ ಕೊಡೆಯೇ ಮೇಲು. ಏಟು ತಿಂದು ಬೆಳೆದ ನಾಯಿ ಎತ್ತಿದ ಕೋಲನ್ನು ಕಂಡು ಇನ್ನಷ್ಟು ಕೆರಳುವುದುಂಟು. ಕೊಡೆಯನ್ನಾದರೋ ಮೊಣಕಾಲಿನ ಮಟ್ಟದಲ್ಲಿ ನಾಯಿಯತ್ತ ತಿರುಗಿಸಿ ಫಕ್ಕನೆ ಬಿಚ್ಚಿದರೆ, ಕಣ್ಣೆದುರು ಗೋಡೆಯೆದ್ದಂತಾಗಿ ಅದು ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಬಿಚ್ಚಿದ ಮೇಲೆ ಅದನ್ನು ಚುಚ್ಚಲು ಹೋಗದೆ, ನಿಮಗೂ ನಾಯಿಗೂ ನಡುವೆ ಹಿಡಿದುಕೊಂಡೇ ನಿಧಾನವಾಗಿ ಅಡ್ಡಡ್ಡವಾಗಿ ಸರಿದುಹೋಗಬೇಕು.

ಓಡುವುದು ಮಾತ್ರ ಸರ್ವಥಾ ಕೂಡದು, ಏಕೆಂದರೆ ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ಅದರ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸದೆ, ಬೆನ್ನನ್ನೂ ತೋರಿಸದೆ, ಪಕ್ಕಕ್ಕೆ ತಿರುಗಿ ನಿಂತು ಗಟ್ಟಿಯಾದ ದನಿಯಲ್ಲಿ ಒಮ್ಮೆ ಗದರಿಸಿದರೆ ಸಾಕು. ಕಿರುಚಾಟದಿಂದ ಅದರ ಉದ್ರೇಕ ಹೆಚ್ಚುತ್ತದೆ. ಕಲ್ಲು ಹೆಕ್ಕುವವರಂತೆ ಬಗ್ಗುವ ಹಳೆಯ ಉಪಾಯ ನಮ್ಮೂರುಗಳ ಎಷ್ಟೋ ನಾಯಿಗಳ ಮೇಲೆ ಇಂದಿಗೂ ನಡೆಯುತ್ತದೆಯಾದರೂ, ನಾಯಿ ತೀರ ಹತ್ತಿರ ಬಂದಿರುವಾಗ ಬಗ್ಗಿದರೆ ಮುಖವನ್ನೇ ಅದರ ಬಾಯಿಗೆ ಒಡ್ಡಿದಂತಾಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಆದರೆ ಮೈ ಬಿಗಿಹಿಡಿದು, ಬಾಲವನ್ನು ಅಲುಗಿಸದೆ ನೆಟ್ಟಗೆ ನಿಲ್ಲಿಸಿ, ತುಟಿ ಮೇಲೆತ್ತಿ ಸಣ್ಣಗೆ ಗುರುಗುಟ್ಟುವ ನಾಯಿಗೆ ಬೊಗಳುವ ನಾಯಿಗಿಂತ ಹೆಚ್ಚು ಹೆದರಬೇಕು.

ಕಾರ್ತಿಕದ ನಂತರ ಚಳಿಗಾಲದಲ್ಲಿ ಮರಿ ಹಾಕಿದ ತಾಯಿನಾಯಿಗಳು ಹೆಚ್ಚಾಗಿರುತ್ತವೆ. ಮೋರಿಯ ಪಕ್ಕದಲ್ಲೋ ನಿಂತ ಕಾರಿನ ಅಡಿಯಲ್ಲೋ ಮರಿಗಳ ಕುಂಯ್‌ಗುಟ್ಟುವಿಕೆ ಕೇಳಿದರೆ ಆ ದಿನಗಳಲ್ಲಿ ಬೇರೆ ರಸ್ತೆ ಹಿಡಿಯುವುದೇ ಜಾಣತನ. ಸ್ಕೂಟರಿನಲ್ಲಿರುವಾಗ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಿ ಬಿದ್ದು ಕೈಕಾಲು ಮುರಿದುಕೊಳ್ಳುವ ಬದಲು ನಿಧಾನಿಸಿ ನಿಲ್ಲಿಸಿರಿ. ಹಲವು ನಾಯಿಗಳು ಅಲ್ಲಿಗೇ ಆಸಕ್ತಿ ಕಳೆದುಕೊಳ್ಳುತ್ತವೆ.

ಮೇಲೆ ಹಾರಿಯೇಬಿಟ್ಟರೆ ಕೈಚೀಲವನ್ನೋ ಶಾಲನ್ನೋ ಅದರ ಬಾಯಿಗೆ ಕೊಟ್ಟುಬಿಡಿ. ಕೆಳಗೆ ಬಿದ್ದರೆ ಬೋರಲಾಗಿ ಮುದುಡಿ, ಮುಷ್ಟಿ ಕಟ್ಟಿದ ಕೈಗಳಿಂದ ಕತ್ತನ್ನೂ ಕಿವಿಗಳನ್ನೂ ಮುಚ್ಚಿಕೊಂಡು ಅಲುಗದೆ ಇರಬೇಕು.

ಹಲ್ಲು ತಾಗಿದರೆ, ಗೀರಿದಷ್ಟೇ ಆಗಿದ್ದರೂ, ಗಾಯವನ್ನು ಹರಿಯುವ ನಲ್ಲಿ ನೀರಿನಡಿ ಹಿಡಿದು ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬಾರದು, ಬಿಗಿಯಾಗಿ ಕಟ್ಟಲೂಬಾರದು. ಅಂದೇ ಆಸ್ಪತ್ರೆಗೆ ಹೋಗಿ, ಏಕೆಂದರೆ ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅತ್ಯಂತ ವಿರಳ. ಹೊಟ್ಟೆಗೆ 14 ಚುಚ್ಚುಮದ್ದು ಹಾಕುತ್ತಿದ್ದ ಕಾಲ ಹೋಯಿತು. ಈಗ ತೋಳಿಗೆ, ಮೊದಲ ದಿನ ಮತ್ತು ಅಲ್ಲಿಂದ 3, 7, 28 ದಿನಗಳಿಗೆ ಕೊಡುತ್ತಾರೆ, ಸ್ನಾಯುವಿಗೆ ಹಾಕುವ ಕ್ರಮದಲ್ಲಾದರೆ 14ನೆಯ ದಿನವೂ ಒಂದು ಸೇರುತ್ತದೆ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತಲೇ ಹಾಕುವ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಮದ್ದು) ಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿರಿ. ಕಚ್ಚಿದ ನಾಯಿ ಪರಿಚಿತವಾಗಿದ್ದರೆ ಅದರ ಮೇಲೆ 10 ದಿನ ಕಣ್ಣಿಡಬಹುದು, ಆದರೆ ಆ ನೆಪದಲ್ಲಿ ಲಸಿಕೆ ತಡಮಾಡಬಾರದು. ಮಕ್ಕಳು ಬೈಗುಳಕ್ಕೆ ಹೆದರಿ ಸಣ್ಣ ಗೀರುಗಳನ್ನು ಮುಚ್ಚಿಡುತ್ತಾರಾದ್ದರಿಂದ, ನಾಯಿ ಅಟ್ಟಿಸಿತೆಂದು ಓಡಿಬಂದ ಮಗುವಿನ ಕಾಲುಗಳನ್ನು ಗದರಿಸದೆ, ಬೆಳಕಿನಲ್ಲಿ ನೀವೇ ಒಮ್ಮೆ ಪರೀಕ್ಷಿಸಿ ನೋಡಿರಿ.