ಅಮೆರಿಕದಲ್ಲಿ ಲೋವರ್ ರಿಸೀವರ್ ಕೊಳ್ಳುವ ಮುಂಚೆ ನಿಮ್ಮ ವೀಸಾ ನೋಡಿಕೊಳ್ಳಿ

ಟೆಕ್ಸಸ್‌ಗೆ ಬಂದ ನಮ್ಮವರಲ್ಲಿ ಹಲವರಿಗೆ ಶೂಟಿಂಗ್ ರೇಂಜ್ ಹುಚ್ಚು ಹಿಡಿಯುತ್ತದೆ. ನಾಲ್ಕು ಶನಿವಾರ ಹೋಗಿ ಬಂದರೆ ಸಾಕು, ಎಆರ್-15 ರೈಫಲ್ ತಾವೇ ಜೋಡಿಸುವ ಮಾತು ಶುರು. ಜೋಡಿಸುವಾಗ ಎಡವಿದವರನ್ನು ನಾನು ಕಂಡಿದ್ದು ಕಡಿಮೆ. ಕಾಗದಪತ್ರದಲ್ಲಿ ಎಡವಿದವರೇ ಜಾಸ್ತಿ.

ಮೊದಲು ಇದು ಗೊತ್ತಿರಲಿ. ಟ್ರಿಗರ್ ಕೂರುವ ಕೆಳಭಾಗವೇ ಲೋವರ್ ರಿಸೀವರ್. ನೋಡಲು ಬರೀ ಅಲ್ಯೂಮಿನಿಯಂ ತುಂಡು, ಆದರೆ ಕಾನೂನಿನ ಕಣ್ಣಿಗೆ ಅದೇ ಬಂದೂಕು. ಸೀರಿಯಲ್ ನಂಬರ್ ಇರುವುದೂ ಅದರ ಮೇಲೆಯೇ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದರೂ ಅದು ಮನೆಗೆ ಬರುವುದಿಲ್ಲ. ನಿಮ್ಮದೇ ರಾಜ್ಯದ, ಲೈಸೆನ್ಸ್ ಇರುವ ಅಂಗಡಿಗೆ ಬರುತ್ತದೆ. ಪೂರ್ತಿ ರೈಫಲ್‌ಗೆ ಕೇಂದ್ರ ಕಾನೂನಿನಲ್ಲಿ 18 ವರ್ಷ ಸಾಕು, ಬರೀ ಲೋವರ್‌ಗೆ 21 ತುಂಬಿರಬೇಕು.

ಎರಡನೆಯದು ರಾಜ್ಯದ ಕಾನೂನು. ಟೆಕ್ಸಸ್‌ನಲ್ಲಿ ನಡೆದದ್ದು ಸಿಯಾಟಲ್‌ನಲ್ಲಿ ನಡೆಯುವುದಿಲ್ಲ. ವಾಷಿಂಗ್ಟನ್ ರಾಜ್ಯ 2023ರಲ್ಲಿ ಇಂಥ ರೈಫಲ್‌ಗಳ ಮಾರಾಟವನ್ನೇ ನಿಲ್ಲಿಸಿತು. ಇಲಿನಾಯ್‌ನಲ್ಲಿ ಬಂದೂಕು ಇಟ್ಟುಕೊಳ್ಳಲು ರಾಜ್ಯ ಪೊಲೀಸರ ಕಾರ್ಡ್ ಬೇಕು.

ಈಗ ಮುಖ್ಯ ಘಟ್ಟ, ಬಂದೂಕು ಕೊಳ್ಳುವವರು ತುಂಬುವ 4473 ನಂಬರಿನ ಕೇಂದ್ರ ಸರ್ಕಾರದ ಫಾರಂ. ಅಂಗಡಿಯ ಕೌಂಟರ್‌ನಲ್ಲೇ ತುಂಬಬೇಕು. ದಯವಿಟ್ಟು ನಿಧಾನವಾಗಿ ಓದಿ. ಎಚ್-1ಬಿ, ಎಲ್-1, ಎಫ್-1, ಎಚ್-4 ಎಲ್ಲವೂ ನಾನ್-ಇಮಿಗ್ರಂಟ್, ಅಂದರೆ ತಾತ್ಕಾಲಿಕ ವಾಸದ ವೀಸಾಗಳೇ. ಇವುಗಳ ಮೇಲೆ ಬಂದವರು ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ವಿನಾಯಿತಿಗಳು ಕೆಲವೇ. ನಮ್ಮವರು ಬಳಸುವುದು ಬೇಟೆಯ ಲೈಸೆನ್ಸ್. ಅದು ಚಾಲ್ತಿಯಲ್ಲಿರಬೇಕು. ಟೆಕ್ಸಸ್‌ನ ಬೇಟೆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಬಂದೂಕು ಮನೆಯಲ್ಲಿರುವಷ್ಟು ವರ್ಷವೂ ಅದನ್ನು ತಪ್ಪದೆ ಮಾಡಿಸಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಇಲ್ಲೇ ಒಂದು ಅಡ್ಡದಾರಿ ಹುಟ್ಟಿಕೊಳ್ಳುತ್ತದೆ. "ನೀನು ಗ್ರೀನ್ ಕಾರ್ಡ್ ಅಲ್ವಾ, ನನ್ನ ದುಡ್ಡಲ್ಲಿ ನೀನೇ ತಗೊಂಡುಬಿಡು" ಅಂತ ಗೆಳೆಯರು ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ, ನಾನು ಒಪ್ಪಲಿಲ್ಲ. ನಿಜವಾದ ಖರೀದಿದಾರ ನೀವೇನಾ ಅಂತ ಫಾರಂ ನೇರವಾಗಿ ಕೇಳುತ್ತದೆ. ಸುಳ್ಳು ಹೇಳಿದರೆ 10 ವರ್ಷದವರೆಗೆ ಜೈಲು. ಕೊಳ್ಳುವ ಹಕ್ಕಿಲ್ಲದವರ ಪರವಾಗಿ ಕೊಂಡುಕೊಟ್ಟರೆ, 2022ರ ಕಾನೂನಿನಲ್ಲಿ 15 ವರ್ಷದವರೆಗೆ. ಸ್ನೇಹಕ್ಕಾಗಿ ಇಬ್ಬರ ಬದುಕನ್ನೂ ಪಣಕ್ಕಿಡಬೇಡಿ.

ಇನ್ನೊಂದು ತೊಡಕು ವಿಳಾಸದ್ದು. ಅಪಾರ್ಟ್‌ಮೆಂಟ್ ಬದಲಿಸಿ ಡ್ರೈವಿಂಗ್ ಲೈಸೆನ್ಸ್ ಬದಲಿಸದೆ ಹೋದವರು ಬರಿಗೈಲಿ ವಾಪಸ್ ಬರುತ್ತಾರೆ. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ವಾಹನದ ನೋಂದಣಿಯಂಥ ಸರ್ಕಾರಿ ಕಾಗದವೇ ಬೇಕು. ಹಾಗೆಯೇ, ಗಾಂಜಾ ರಾಜ್ಯದಲ್ಲಿ ಕಾನೂನುಬದ್ಧವಾದರೂ ಕೇಂದ್ರದ ಲೆಕ್ಕದಲ್ಲಿ ಅಲ್ಲ ಅಂತ ಫಾರಂನಲ್ಲೇ ಅಚ್ಚಾಗಿದೆ.

ಆಮೇಲೆ ಅಂಗಡಿಯವರು ಹಿನ್ನೆಲೆ ತಪಾಸಣೆ ಮಾಡುತ್ತಾರೆ. ಬಹಳ ಸಲ ಕೆಲವೇ ನಿಮಿಷದ ಕೆಲಸ.

ಜೋಡಿಸುವಾಗ ಬ್ಯಾರೆಲ್‌ನ ಅಳತೆ ಮರೆಯಬೇಡಿ. ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ) ಇರುವ ರೈಫಲ್‌ಗೆ 16 ಇಂಚಿಗಿಂತ ಚಿಕ್ಕ ಬ್ಯಾರೆಲ್ ಹಾಕುವ ಮುಂಚೆ ಸರ್ಕಾರದ ಅನುಮತಿ ಪಡೆದು ನೋಂದಾಯಿಸಬೇಕು. ಹಾಕಿ ಆಮೇಲೆ ಕೇಳಿದರೆ ಅದಾಗಲೇ ಅಪರಾಧ.

'80 ಪರ್ಸೆಂಟ್' ಅಂತ ಮಾರುವ ಅರೆಬರೆ ಲೋವರ್‌ಗಳನ್ನು ಮುಟ್ಟಲೇಬೇಡಿ ಅಂತ ನಾನು ಹೇಳುತ್ತೇನೆ. ಸೀರಿಯಲ್ ನಂಬರ್ ಇಲ್ಲದ ಇವನ್ನು ನ್ಯೂಜೆರ್ಸಿ, ನ್ಯೂಯಾರ್ಕ್ ನಿಷೇಧಿಸಿವೆ. ಸುಲಭವಾಗಿ ಬಂದೂಕಾಗುವ ಕಿಟ್‌ಗಳನ್ನೂ ಬಂದೂಕು ಅಂತಲೇ ಪರಿಗಣಿಸುವ ಕೇಂದ್ರದ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ನಂಬರ್ ಇರುವ ಲೋವರನ್ನೇ ಕೊಳ್ಳಿ, ಬಿಲ್ ಜೋಪಾನವಾಗಿಡಿ.

ಕೆಲಸ ಬದಲಾಗಿ ಕ್ಯಾಲಿಫೋರ್ನಿಯಾಗೆ ಹೊರಟಿರಾ? ಅಲ್ಲಿಗೆ ಬಂದೂಕು ತಂದವರು 60 ದಿನದೊಳಗೆ ರಾಜ್ಯಕ್ಕೆ ವರದಿ ಕೊಡಬೇಕು. ಎಷ್ಟೋ ಎಆರ್ ಮಾದರಿಗಳನ್ನಂತೂ ತರುವಂತೆಯೇ ಇಲ್ಲ. ಸಾಮಾನು ಕಟ್ಟುವ ಮುಂಚೆಯೇ ಅಲ್ಲಿನ ವಕೀಲರೊಬ್ಬರನ್ನು ಕೇಳಿ.