ಕೊಳೆಮದ್ದು ಹೊಡೆಯೋ ಪಂಪಿನ ಇಂಜಿನ್ ಸ್ಟಾರ್ಟ್ ಆಗದಿದ್ರೆ: ನನ್ನ ಅನುಭವ

ಶಿರಸಿ ಕಡೆ ಅಡಿಕೆ ತೋಟ, ಬೋರ್ಡೋ (ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯೋ ಪಂಪಿಗೆ ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನ್. ಬೇಸಿಗೆಯಿಡೀ ಕೊಟ್ಟಿಗೇಲಿತ್ತು, ಮಳೆ ಹಿಡಿದ್ಮೇಲೆ ಚೋಕ್ ಹಾಕಿ ಹಗ್ಗ ಎಳೆದ್ರೆ ಒಮ್ಮೊಮ್ಮೆ ಪುಟ್ ಅಂದು ನಿಲ್ತಿತ್ತು, ಅಷ್ಟೇ.

ಹೊಸ ಪ್ಲಗ್ ಹಾಕಿ ಗ್ಯಾಪ್ 0.7 ಮಿಮೀ ಇಟ್ಟೆ, ಏರ್ ಫಿಲ್ಟರ್ ತೊಳೆದೆ, ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದೆ, ಯಾವ್ದರಿಂದ್ಲೂ ಆಗ್ಲಿಲ್ಲ. ಆಯಿಲ್ ಸರಿ ಇತ್ತು (ಕೆಲವು ಇಂಜಿನ್ನಲ್ಲಿ ಆಯಿಲ್ ಕಮ್ಮಿಯಾದ್ರೆ ಸೆನ್ಸರ್ ಸ್ಪಾರ್ಕನ್ನೇ ಕಟ್ ಮಾಡ್ತದೆ, ನೋಡ್ಕೊಳ್ಳಿ).

ಅಷ್ಟು ಎಳೆದ್ರೂ ಪ್ಲಗ್ ತುದಿ ಒಣಗೇ ಇತ್ತು. ಪ್ಲಗ್ ತೂತಿಗೆ ಅರ್ಧ ಚಮಚ ಪೆಟ್ರೋಲ್ ಬಿಟ್ಟು, ಪ್ಲಗ್ ಹಾಕಿ ಎಳೆದ್ರೆ ಎರಡು ಸೆಕೆಂಡ್ ಓಡ್ತು. ಅಂದ್ರೆ ಸ್ಪಾರ್ಕು, ಕಂಪ್ರೆಶನ್ನು ಎರಡೂ ಇದೆ, ಪೆಟ್ರೋಲ್ ಮಾತ್ರ ಒಳಗೆ ಹೋಗ್ತಿಲ್ಲ.

ಫ್ಯೂಯಲ್ ಕಾಕ್ (ಟ್ಯಾಂಕಿಂದ ಪೆಟ್ರೋಲ್ ಬಿಡೋ ನಲ್ಲಿ) ಬಂದ್ ಮಾಡಿ, ಕೆಳಗೆ ಡಬ್ಬಿ ಇಟ್ಟು, ಕಾರ್ಬುರೇಟರಿನ (ಪೆಟ್ರೋಲನ್ನ ಗಾಳಿ ಜೊತೆ ಬೆರೆಸೋ ಭಾಗ) ತಳದ ಬೌಲಿನ 10 ನಂಬರ್ ಬೋಲ್ಟ್ ಬಿಚ್ಚಿ. ನಂದ್ರಲ್ಲಿ ತಳದಲ್ಲಿ ನೀರು ಗೋಲಿ ಗೋಲಿಯಾಗಿ ಕೂತಿತ್ತು, ಸುತ್ತ ಕಂದು ಅಂಟು. ಈಗಿನ ಪೆಟ್ರೋಲಲ್ಲಿರೋ ಎಥನಾಲ್ ಗಾಳಿಯ ತೇವ ಎಳ್ಕೊಳ್ತದೆ, ನಮ್ಮ ಮಲೆನಾಡಿನ ಹವೆಗಂತೂ ಕೇಳೋದೇ ಬೇಡ. ಮಧ್ಯದ ಕಂಬದೊಳಗಿನ ಮೇನ್ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತಿರೋ ಸ್ಕ್ರೂ) ಬಿಚ್ಚಿ ಬೆಳಕಿಗೆ ಹಿಡಿದ್ರೆ ತೂತೇ ಕಾಣ್ತಿರ್ಲಿಲ್ಲ. ವೈರಿನ ತಾಮ್ರದ ಒಂದೇ ಎಳೆ ತೂರಿಸಿ ಕಾರ್ಬ್ ಕ್ಲೀನರ್ ಹೊಡೆದೆ. ಸೂಜಿ ಹಾಕ್ಲೇಬೇಡಿ, ತೂತು ದೊಡ್ಡದಾದ್ರೆ ಜೆಟ್ ಹೋಯ್ತು. ಪೈಲಟ್ ಜೆಟ್ಟಿಗೂ (ಇಂಜಿನ್ ನಿಧಾನ ಓಡುವಾಗ ಪೆಟ್ರೋಲ್ ಕೊಡೋ ಚಿಕ್ಕ ಜೆಟ್) ಹಾಗೇ ಮಾಡಿ.

ಬೌಲಿನ ರಬ್ಬರ್ ರಿಂಗ್ ಸರಿ ಕೂರ್ಸಿ ಜೋಡಿಸಿ, ಕಾಕ್ ಬಿಟ್ಟು ಬೌಲ್ ತುಂಬೋಕೆ ಒಂದು ನಿಮಿಷ ಬಿಡಿ, ಆಮೇಲೆ ಫುಲ್ ಚೋಕ್ ಹಾಕಿ ಎಳೀರಿ. ಸೀಸನ್ ಮುಗಿದ್ಮೇಲೆ ಕಾಕ್ ಬಂದ್ ಮಾಡಿ ತಾನಾಗೇ ನಿಲ್ಲೋವರೆಗೂ ಓಡ್ಸಿ, ಬೌಲಲ್ಲಿ ಉಳಿದಿದ್ದನ್ನ ಡ್ರೇನ್ ಮಾಡಿ ಇಡಿ.